ನೀರಿಗೆ ಹಾಕಿದ ಹೂವು

ಕಾಕ್ಕನಾಡ್, ಕೊಚ್ಚಿ
ಗುರುವಾರ, ೧೩ ನವೆಂಬರ್ ೨೦೨೫

ಪ್ರೀತಿಯ ಅತ್ತೆಗೆ,

ಧನಶ್ರೀಯ ನಮಸ್ಕಾರಗಳು. ‘ಪ್ರೀತಿಯ’ ಎಂದು ಬರೆಯುವುದೋ ಬೇಡವೋ ಎಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಕೊನೆಗೆ ಬರೆದೆ. ಇಷ್ಟು ವರ್ಷದ ಅಭ್ಯಾಸ, ಒಂದು ಭಾನುವಾರಕ್ಕೆಲ್ಲ ಬಿಟ್ಟುಹೋಗುವುದಿಲ್ಲ. ಮಂಡಿ ನೋವು ಹೇಗಿದೆ? ರಾತ್ರಿ ಮಲಗುವ ಮೊದಲು ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀರಾ? ಬಿ.ಪಿ. ಮಾತ್ರೆ ತಿಂಡಿಯಾದ ಮೇಲೆ, ಮೊದಲಲ್ಲ. ಇದನ್ನು ನಾನು ಇಲ್ಲಿ ದಿನಾ ಹೇಳುತ್ತಿದ್ದೆ, ನೀವು ದಿನಾ “ಗೊತ್ತುಂಟು ಮಾರಾಯ್ತಿ” ಎನ್ನುತ್ತಿದ್ದಿರಿ, ಮರುದಿನ ಮತ್ತೆ ಬರಿಹೊಟ್ಟೆಗೇ ನುಂಗುತ್ತಿದ್ದಿರಿ. ಅಲ್ಲಿ ಯಾರು ನೆನಪಿಸುತ್ತಾರೆ? ರಮ್ಯಶ್ರೀ ನೆನಪಿಸುತ್ತಾಳೋ, ಇಲ್ಲ ಮಾತ್ರೆ ನುಂಗುವುದಕ್ಕೂ ಮೊದಲು ವಿಡಿಯೊ ಆಗಬೇಕೋ? ನೋಡಿ, ಕ್ಷೇಮ ಕೇಳಲು ಕೂತವಳು ಆಗಲೇ ಕೊಂಕು ಶುರು ಮಾಡಿದೆ. “ನಿಮ್ಮ ಘಟ್ಟದ ಮೇಲಿನವರ ಬಾಯಿಗೆ ಬಾಗಿಲೇ ಇಲ್ಲ” ಎಂದು ನೀವು ನಗುತ್ತಿದ್ದದ್ದು ನೆನಪಾಯಿತು. ದಾವಣಗೆರೆಯವಳು ನಾನು, ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಅಜೀರ್ಣವಾಗುತ್ತದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ನಿಮ್ಮ ಫೋನಿಗೆ ಮಾಡಿದರೆ ರಮ್ಯಶ್ರೀ ಎತ್ತುತ್ತಾಳೆ, ಎತ್ತಿ ಸ್ಪೀಕರಿಗೆ ಹಾಕುತ್ತಾಳೆ. ನಾನು “ಅತ್ತೆ” ಎನ್ನುವ ಮೊದಲೇ ಅವಳು “ಅಕ್ಕ, ಹೇಗಿದ್ದೀರಿ, ಊಟ ಆಯ್ತಾ” ಎಂದು ಶುರು ಮಾಡುತ್ತಾಳೆ. ವಾಟ್ಸಾಪಿನಲ್ಲಿ ಬರೆದರೆ ನಿಮಗೆ ಓದಿ ಹೇಳುವವಳೂ ಅವಳೇ. ವಾರಗಿತ್ತಿಯ ಮೇಲಿನ ದೂರನ್ನು ವಾರಗಿತ್ತಿಯ ಬಾಯಿಂದಲೇ ಓದಿಸುವಷ್ಟು ಪೆದ್ದಿ ನಾನಲ್ಲ. ನಾಳೆ ನಿಮ್ಮ ದೊಡ್ಡ ಮಗ ಸಚಿನ್‌ಗೆ ತಿರುವನಂತಪುರದಲ್ಲಿ ಬ್ಯಾಂಕಿನ ಮೀಟಿಂಗ್ ಇದೆ. ಅವರು ಕಳಕ್ಕೂಟಂಗೆ ಬಂದು ತಮ್ಮನ ಮನೆಯಲ್ಲಿ ಉಳಿದುಕೊಂಡು ಭಾನುವಾರ ಬೆಳಿಗ್ಗೆ ವಾಪಸು ಹೊರಡುತ್ತಾರೆ. ನೀವು ಕೇಳಿದ ದೇವರ ಪೆಟ್ಟಿಗೆಯನ್ನೂ ಉಳಿದ ಸೀರೆಗಳನ್ನೂ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಕಾಗದವನ್ನು ಪೆಟ್ಟಿಗೆಯೊಳಗೆ ಅನ್ನಪೂರ್ಣೆಯ ಕೆಳಗೆ ಇಡುತ್ತೇನೆ. ಅಲ್ಲಿಗೆ ನಿಮ್ಮ ಕೈ ಬಿಟ್ಟು ಬೇರೆ ಕೈ ಹೋಗುವುದಿಲ್ಲ.

ತಪ್ಪಾಯಿತು, ನೀವು ಕೇಳಿದ್ದಲ್ಲ. ಅಭಿಜಿತ್ ಕೇಳಿದ್ದು. ಮೊನ್ನೆ ಭಾನುವಾರ ನಾವು ಮೂವರೂ ಅಲ್ಲಿಗೆ ಬಂದದ್ದು ನಿಮ್ಮನ್ನು ಕರೆದುಕೊಂಡು ಬರುವುದಕ್ಕೆ. ವಾಪಸಿಗೆ ನಾಲ್ಕು ಟಿಕೆಟ್ ಮಾಡಿಸಿದ್ದೆ. ಮಗಳು ಅನ್ವಿತಾ ಕಿಟಕಿಯ ಸೀಟು ಅಜ್ಜಿಗೆ, ಅವಳ ಅಚ್ಛಮ್ಮನಿಗೆ ಎಂದು ರೈಲಿನಲ್ಲೇ ಗೊತ್ತು ಮಾಡಿದ್ದಳು. ಊಟಕ್ಕೆ ಕೂತಾಗ ನಿಮ್ಮ ಚಿಕ್ಕ ಮಗ ಅನ್ನ ಕಲಸುತ್ತ, “ಅತ್ತಿಗೆ, ಅಮ್ಮ ಇನ್ನು ಇಲ್ಲೇ ಇರಲಿ. ಇಲ್ಲಿ ಅವರಿಗೆ ಖುಷಿ ಉಂಟು. ದೇವರ ಪೆಟ್ಟಿಗೆ ಒಂದು ಕಳಿಸಿಬಿಡಿ” ಎಂದ. ಸಾರು ಬಡಿಸು ಎಂದಷ್ಟೇ ಸಲೀಸಾಗಿ. ಸಚಿನ್ ನಿಮ್ಮ ಮುಖ ನೋಡಿದರು, ನಾನೂ ನೋಡಿದೆ. ನೀವೋ, ಪಕ್ಕದಲ್ಲಿದ್ದ ಗಾಜಿನ ಜಾಡಿಯನ್ನು ಸೆರಗಿನಿಂದ ಒರೆಸುತ್ತ ಕೂತಿರಿ. ಅದರೊಳಗೆ ನೀರು, ನೀರೊಳಗೆ ನೇರಳೆ ಆರ್ಕಿಡ್, ಒಂದು ಗುಳ್ಳೆಯೂ ಇಲ್ಲದ ಹಾಗೆ ಸ್ವಚ್ಛ. ವಾಪಸು ಬರುವಾಗ ನಾಲ್ಕನೇ ಸೀಟಿನಲ್ಲಿ ರಮ್ಯಶ್ರೀ ಕಟ್ಟಿಕೊಟ್ಟ ಹಲಸಿನ ಚಿಪ್ಸಿನ ಚೀಲ ಕೂತು ಬಂತು.

ಅತ್ತೆ, ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದಿಲ್ಲ. ಅವಳ ಮನೆ ದೊಡ್ಡದು ಅಂತಲ್ಲ, ಅವಳ ಸಂಬಳ ಹೆಚ್ಚು ಅಂತಲ್ಲ. ಆ ಜಾಡಿಯ ಮೇಲೆ ಹೊಟ್ಟೆಕಿಚ್ಚು. ಯಾಕೆ ಎಂದು ನಿಮಗೆ ಗೊತ್ತು, ಗೊತ್ತಿಲ್ಲದವರ ಹಾಗೆ ಕೂತಿರಿ. ಕಳೆದ ವರ್ಷ ನಮ್ಮ ಫ್ಲ್ಯಾಟಿನ ಕ್ಲಬ್ ಹೌಸಿನಲ್ಲಿ ಜಾಯ್ಸ್ ಟೀಚರ್ ಈ ನೀರೊಳಗಿನ ಹೂವಿನ ಕ್ಲಾಸು ತೆಗೆದಾಗ ಮೊದಲು ಹೆಸರು ಕೊಟ್ಟವಳು ನಾನು. ರಮ್ಯಶ್ರೀಗೆ ಆಗ ಆರ್ಕಿಡ್ಡಿಗೂ ಆಂಥೂರಿಯಮ್ಮಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ನನ್ನ ಮೊದಲ ಜಾಡಿ ನಿಮಗೆ ನೆನಪಿರಬೇಕು. ದಾಸವಾಳ ಹಾಕಿದ್ದೆ, ಬೆಳಗಾಗುವಷ್ಟರಲ್ಲಿ ಬೆಂದ ಬಸಳೆಯ ಹಾಗೆ ಆಗಿತ್ತು. ನೀವು ನೋಡಿ, “ಇದಕ್ಕೆ ಒಗ್ಗರಣೆ ಕೊಡ್ಲಾ?” ಎಂದಿರಿ. ಎರಡನೆಯದರಲ್ಲಿ ಹೂವೆಲ್ಲ ಮೇಲೆ ತೇಲಿ ಬಾಯಿಗೆ ಬಂದು ಕೂತವು. ಆಮೇಲೆ ನಾನೇ ಕಂಡುಕೊಂಡೆ. ನೀರು ಕುದಿಸಿ ಪೂರಾ ಆರಿಸಬೇಕು, ಆಗ ಗುಳ್ಳೆ ಕಡಿಮೆ. ಟೀಚರ್ ತಂತಿ ಕೊಟ್ಟಿದ್ದರು, ಅದು ನೀರಿನಲ್ಲಿ ಎದ್ದು ಕಾಣುತ್ತಿತ್ತು. ನಿಮ್ಮ ಹೂ ಕಟ್ಟುವ ಬಾಳೆನಾರು ತೆಗೆದುಕೊಂಡು ತೊಟ್ಟನ್ನು ಆಲುವಾ ಹೊಳೆಯ ಉರುಟು ಕಲ್ಲಿಗೆ ಬಿಗಿದೆ. ಜಾಡಿಯ ಗೋಡೆಗೆ ತಾಗಿಸಿ ನಿಧಾನಕ್ಕೆ ನೀರು ಇಳಿಸಿದೆ, ಎಸಳಿಗೆ ಅಂಟಿದ ಗುಳ್ಳೆಗಳನ್ನು ಅನ್ವಿತಾಳ ಬಣ್ಣದ ಬ್ರಷ್ಷಿನಿಂದ ಸವರಿ ಬಿಡಿಸಿದೆ. ಮೂರು ಆರ್ಕಿಡ್ ನೀರಿನಲ್ಲಿ ನಿಂತವು, ಗಾಜಿನಿಂದಾಗಿ ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡವು. ಊಟದ ಮೇಜಿನ ಮೇಲಿಟ್ಟೆ. ಅಡುಗೆಮನೆ ಬಾಗಿಲ ಪಕ್ಕದ ನಿಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ನೀವು ಕತ್ತು ಎತ್ತಿ, “ಚಂದ ಎಲ್ಲ ಹಾಲಿನಲ್ಲಿ ಕೂತವರಿಗೆ. ನನಗೆ ಕಾಣುವುದು ಬರೀ ತೊಟ್ಟು” ಎಂದಿರಿ.

ಅವತ್ತಿನಿಂದ ನಾನು ಪ್ರತಿ ಜಾಡಿಯಲ್ಲೂ ಒಂದು ಹೂವನ್ನು ಹಿಂದಕ್ಕೆ, ನಿಮ್ಮ ಕುರ್ಚಿಯ ಕಡೆಗೆ ತಿರುಗಿಸಿ ಕಟ್ಟುತ್ತಿದ್ದೆ. ಆ ವರ್ಷದ ಓಣಂ ಪ್ರದರ್ಶನದಲ್ಲಿ ಜಾಯ್ಸ್ ಟೀಚರ್ ಅದನ್ನೇ ತಪ್ಪು ಎಂದರು. ಎಲ್ಲ ಹೂವೂ ನೋಡುವವರ ಕಡೆಗೇ ಇರಬೇಕಂತೆ, ಒಂದು ಬೆನ್ನು ಹಾಕಿ ನಿಂತರೆ ಜೋಡಣೆ ಕೆಡುತ್ತದಂತೆ. ಬಹುಮಾನ ಮೇಲಿನ ಮಹಡಿಯವರಿಗೆ ಹೋಯಿತು. ಹೋಗಲಿ, ಅದಕ್ಕೆ ನಾನು ಅಳಲಿಲ್ಲ. ಅತ್ತದ್ದು ಅದರ ಮರುವಾರ. ಮಂಗಳೂರಿನಿಂದ ನಿಮ್ಮ ತಮ್ಮ ಕೃಷ್ಣಾನಂದ ಮಾವ ಬಂದಿದ್ದರು. ಜಾಡಿ ನೋಡಿ ಇದೇನು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀವು, “ನಿರ್ಮಾಲ್ಯ! ದೇವರ ತಲೆಯಿಂದ ಇಳಿಸಿದ ಹೂವನ್ನು ನಾವು ನೀರಿಗೆ ಬಿಡುವುದು, ಇವರ ಕಡೆ ಅರಳಿದ ಹೂವನ್ನೇ ಮುಳುಗಿಸುದು ಕಾಣ್ತದೆ” ಎಂದುಬಿಟ್ಟಿರಿ. ಮಾವ ನಕ್ಕರು. ನನ್ನ ಗಂಡ ಎಂಬ ಮಹಾಶಯರೂ ನಕ್ಕರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಸಂಜೆ ಜಾಡಿಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿದೆ. ಒಂದರಲ್ಲಿ ಮಾತ್ರ ಹುಣಸೆಹಣ್ಣು ತುಂಬಿಸಿದೆ. ದೇವರಿಗೆ ಏರಿಸದ ಹೂವನ್ನು ನೀರಿಗೆ ಹಾಕಿದರೆ ನಿಮ್ಮ ಮನಸ್ಸಿಗೆ ಆಗುವುದಿಲ್ಲ ಎಂದಾದರೆ ಬೇಡ ಎಂದು ನಾನೇ ಬಿಟ್ಟೆ. ಆಮೇಲೆ ಎಂದಾದರೂ ಅದರ ಮಾತೆತ್ತಿದೆನಾ?

ಈಗ ನೋಡಿದರೆ! ಜುಲೈಯಲ್ಲಿ ರಮ್ಯಶ್ರೀ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಳು. ಅಯ್ಯೋ ಪಾಪ, ಹೋಗಿ ಬನ್ನಿ ಅತ್ತೆ ಎಂದು ನಿಮ್ಮ ಬ್ಯಾಗು ಕಟ್ಟಿಕೊಟ್ಟವಳೇ ನಾನು. ಹದಿನೈದು ದಿನ ಎಂದು ಹೋದಿರಿ. ಅವಳ ಕೈ ಕೂಡಿತು, ನೀವು ಬರಲಿಲ್ಲ. ಒಂದು ಕೈಗೆ ಪ್ಲ್ಯಾಸ್ಟರು ಹಾಕಿಸಿಕೊಂಡು ಮನೆಯಲ್ಲೇ ಕೂತ ಅವಳಿಗೆ ಬೇಸರ ಕಳೆಯಲು ಈ ಹೂವಿನ ಹುಚ್ಚು ಹಿಡಿಯಿತಂತೆ, ಇನ್ನೊಂದು ಕೈ ನಿಮ್ಮದಾಯಿತಂತೆ. ಎಷ್ಟು ಚಂದ! ನನಗೆ ಎರಡು ಕೈಯೂ ನೆಟ್ಟಗಿದ್ದದ್ದೇ ತಪ್ಪಾಯಿತು. ನಿರ್ಮಾಲ್ಯದ ಮಾತು ಎಲ್ಲಿ ಹೋಯಿತು ಎಂದು ಮೊನ್ನೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಕಣ್ಣಾರೆ ಕಂಡೆ. ಒಂದೊಂದು ಹೂವನ್ನೂ ನೀವು ಗೋಡೆಯ ಕ್ಯಾಲೆಂಡರಿನ ಕೃಷ್ಣನಿಗೆ ಮುಟ್ಟಿಸಿ, ಕಣ್ಣಿಗೆ ಒತ್ತಿಕೊಂಡು, ಆಮೇಲೆ ಕಲ್ಲಿಗೆ ಕಟ್ಟುತ್ತೀರಿ. ಏರಿಸಿ ಇಳಿಸಿದ ಹೂವಾಯಿತಲ್ಲ, ಇನ್ನು ನೀರಿಗೆ ಹಾಕಬಹುದು! ಇಷ್ಟು ಸುಲಭದ ದಾರಿ ಇತ್ತಲ್ಲ ಅತ್ತೆ, ಇಲ್ಲಿ ಯಾಕೆ ಹೊಳೆಯಲಿಲ್ಲ? ಇಲ್ಲಿ ಹಿತ್ತಾಳೆಯ ಕೃಷ್ಣ ಕೈಯಳತೆಯಲ್ಲೇ ಇದ್ದ. ಅವಳಿಗಾದರೆ ಕ್ಯಾಲೆಂಡರಿನ ಕೃಷ್ಣನೂ ನಡೆಯುತ್ತಾನೆ, ನನಗಾದರೆ ನಿರ್ಮಾಲ್ಯ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಬಾಳೆನಾರನ್ನೂ ಕುದಿಸಿ ಆರಿಸಿದ ನೀರನ್ನೂ ಅವಳು ತನ್ನ ಸ್ವಂತ ಉಪಾಯ ಎನ್ನುವ ಹಾಗೆ ಫೋನಿನ ಕ್ಯಾಮೆರಾಕ್ಕೆ ಹೇಳುತ್ತಾಳೆ. ನೀವು ಪಕ್ಕದಲ್ಲಿ ನಿಂತು ನಗುತ್ತೀರಿ.

ಆ ನಗೆಯನ್ನು ನಾನು ಎಷ್ಟು ಸಲ ನೋಡಿದ್ದೇನೆ ಎಂದು ಹೇಳಿದರೆ ನನಗೇ ನಾಚಿಕೆ. ಅವಳು ನೆಟ್ಟಿಗೆ ಹಾಕುವ ಅತ್ತೆ–ಸೊಸೆ ವಿಡಿಯೊಗಳನ್ನು ಸಾರು ಕುದಿಯುವ ಹೊತ್ತಿನಲ್ಲಿ ಸದ್ದು ತೆಗೆದು ನೋಡುತ್ತೇನೆ. ಸದ್ದು ಇದ್ದರೂ ಅರ್ಧ ತಿಳಿಯುವುದಿಲ್ಲ. ಇಬ್ಬರೂ ಉಡುಪಿ ಕಡೆಯವರು, ಮಾತೆಲ್ಲ ತುಳುವಿನಲ್ಲಿ. ಇಷ್ಟು ವರ್ಷದಲ್ಲಿ ನನಗೆ ಬಂದ ತುಳು ಎಂದರೆ ‘ಬಲೆ’, ‘ಕುಳ್ಳುಲೆ’, ‘ಉಣ್ಲೆ’. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ. ಅಷ್ಟರಲ್ಲಿ ಸಂಸಾರ ಮಾಡಬಹುದು, ನಗೆಚಾಟಿಕೆ ಮಾಡಲು ಆಗುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕವರೆಲ್ಲ “ಚೇಚಿ, ಆ ವಿಡಿಯೊದಲ್ಲಿರುವುದು ನಿಮ್ಮ ಅಮ್ಮ ಅಲ್ಲವಾ?” ಎಂದು ಕೇಳುತ್ತಾರೆ. ಜಾಯ್ಸ್ ಟೀಚರ್ ಕೂಡ ಕೇಳಿದರು, “ಅವರಿಗೆ ನೀನೇ ಕಲಿಸಿದ್ದಾ?” ಎಂದು. ಹೌದು ಎಂದರೆ ಜಂಬ, ಇಲ್ಲ ಎಂದರೆ ಸುಳ್ಳು. ಗ್ಯಾಸ್ ಮೇಲೆ ಹಾಲಿದೆ ಎಂದು ಹೇಳಿ ಓಡಿಬಂದೆ. ಅನ್ವಿತಾ ಅಂತೂ ಇತ್ತೀಚೆಗೆ ನಾನು ತಲೆ ಬಾಚಲು ಕೂತರೆ ಮಲಯಾಳದಲ್ಲೇ ಗೊಣಗುತ್ತಾಳೆ, ಅಚ್ಛಮ್ಮನಾದರೆ ಎಳೆಯುತ್ತಿರಲಿಲ್ಲ ಎಂದು. ಆ ಹುಡುಗಿಯ ಮೇಲೂ ಉರಿ ಬರುತ್ತದೆ. ನನಗಿಂತ ಮೊದಲು ನಿಮ್ಮನ್ನು ನೆನೆಸಿಕೊಳ್ಳುವ ಹಕ್ಕು ಅವಳಿಗೆ ಯಾರು ಕೊಟ್ಟರು?

ಇದನ್ನೆಲ್ಲ ಓದಿ ನೀವು ಮುಖ ಸಣ್ಣ ಮಾಡಿಕೊಳ್ಳಬೇಡಿ. ರಮ್ಯಶ್ರೀ ಕೆಟ್ಟವಳಲ್ಲ, ಅದೇ ನನ್ನ ಕಷ್ಟ. ಕೆಟ್ಟವಳಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವಳು ಮೊನ್ನೆ ನನ್ನ ತಟ್ಟೆಗೆ ತಾನೇ ಹಪ್ಪಳ ಹಾಕಿದಳು, ನನಗೆ ಇಷ್ಟ ಎಂದು ಪುಳಿಶ್ಶೇರಿ ಮಾಡಿದ್ದಳು. ನಾನು ಊಟವಾದ ಮೇಲೆ ಫೋನಿಗೆ ಚಾರ್ಜು ಹಾಕುತ್ತೇನೆ ಎಂದು ಟಿ.ವಿ. ಸ್ಟ್ಯಾಂಡಿನ ಹಿಂದೆ ಬಗ್ಗಿದವಳು ತುಂಬ ಹೊತ್ತು ಏಳಲಿಲ್ಲ. “ಎಂತ ಮಾಡ್ತಿ ಅಲ್ಲಿ, ಧನೂ?” ಎಂದು ನೀವು ಕೇಳಿದಿರಿ. ಪಿನ್ನು ಸರಿಯಾಗಿ ಕೂರುತ್ತಿಲ್ಲ ಎಂದೆ. ಎದ್ದಾಗ ನನ್ನ ಕಣ್ಣು ಕೆಂಪಗಿದ್ದದ್ದಕ್ಕೆ ಸ್ಟ್ಯಾಂಡಿನ ಹಿಂದಿನ ಧೂಳು ಕಾರಣ ಎಂದುಕೊಂಡಿರಬೇಕು. ರೈಲು ವರ್ಕಲ ದಾಟುವಷ್ಟರಲ್ಲಿ ಸಚಿನ್ ಎರಡು ಸಲ ಚಹಾ ಬೇಕಾ ಎಂದು ಕೇಳಿದರು, ಬೇಡ ಎಂದೆ.

ದೇವರ ಪೆಟ್ಟಿಗೆಯನ್ನು ಮಧ್ಯಾಹ್ನವೇ ಕಟ್ಟಿಟ್ಟಿದ್ದೇನೆ. ಕೃಷ್ಣ, ಗಣಪತಿ, ಅನ್ನಪೂರ್ಣೆ, ನಿಮ್ಮ ಚಿಕ್ಕ ಗಂಟೆ, ಗಂಧ ತೇಯುವ ಕಲ್ಲು ಎಲ್ಲ ಇವೆ, ಹಿತ್ತಾಳೆಯದ್ದನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ್ದೇನೆ. ನೀವು ಹೋದ ಮೇಲೆ ದೀಪ ಹಚ್ಚುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಮಂತ್ರ ಬರುವುದಿಲ್ಲ, “ಕೃಷ್ಣಾ, ನೋಡಿಕೋ” ಎನ್ನುತ್ತೇನೆ. ನಾಳೆಯಿಂದ ಆ ಗೂಡು ಖಾಲಿ. ಅಲ್ಲೇನಿಡುವುದು ಎಂದು ಸಚಿನ್ ಕೇಳಿದರು. ನಿಮ್ಮ ಮಗನ ತಲೆ! ಹಸಿರು ಸೀರೆ, ಮಳೆಗಾಲದಲ್ಲಿ ಉಡುವ ಎರಡು ನೂಲಿನ ಸೀರೆ, ನಾನು ಹೆಣೆದ ಶಾಲು ಬೇರೆ ಚೀಲದಲ್ಲಿವೆ. ಮಂಡಿಯ ಎಣ್ಣೆ ಹೊಸ ಬಾಟಲಿ. ಬೆತ್ತದ ಕುರ್ಚಿಯನ್ನು ಮಾತ್ರ ಕಳಿಸಲು ಆಗುವುದಿಲ್ಲ. ಅದು ನಿಮಗೂ ನನಗೂ ಅನುಕೂಲವೇ. ನಿಮಗೆ ಅಲ್ಲಿ ಸೋಫಾ ಇದೆ, ನನಗೆ ಇಲ್ಲಿ ಬೆಳ್ಳುಳ್ಳಿ ಸುಲಿಯಲು ಕೂರುವುದಕ್ಕೆ ಒಂದು ಜಾಗವಾಯಿತು.

ಆರೋಗ್ಯ ನೋಡಿಕೊಳ್ಳಿ. ಅಭಿಜಿತ್‌ಗೆ ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳಿ. ರಮ್ಯಶ್ರೀಗೆ ನನ್ನ ನೆನಪು ಹೇಳಿ, ಕೈಗೆ ಭಾರ ಕೊಡಬೇಡ ಎನ್ನಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ, ಪೂರಾ ಮನಸಾರೆ ಅಲ್ಲದಿದ್ದರೂ. ಅನ್ವಿತಾ ನಿಮಗೆ ಮುತ್ತು ಕಳಿಸಿದ್ದಾಳೆ. ನಿಮ್ಮ ಕಾಲಿಗೆ ಬಿದ್ದು ಆಶೀರ್ವಾದ ಕೇಳುತ್ತೇನೆ. ಎಷ್ಟು ಸಿಟ್ಟಿದ್ದರೂ ಅದನ್ನು ಕೇಳುವುದು ನಿಮ್ಮ ಹತ್ತಿರವೇ.

ನಿಮ್ಮ ದೊಡ್ಡ ಸೊಸೆ,
ಧನಶ್ರೀ

ವಿ.ಸೂ.: ಪೆಟ್ಟಿಗೆ ಬರುವುದಿಲ್ಲ ಅತ್ತೆ. ಕಾಗದವನ್ನು ಎಣ್ಣೆ ಬಾಟಲಿಗೆ ಸುತ್ತಿದ್ದೇನೆ, ಕಲೆಯಾಗಿದ್ದರೆ ಅದಕ್ಕೇ. ಸಹಿ ಹಾಕಿ ಎದ್ದವಳಿಗೆ ಕೂತಲ್ಲಿ ಕೂರಲು ಆಗಲಿಲ್ಲ. ಹುಣಸೆಹಣ್ಣಿನ ಜಾಡಿ ಖಾಲಿ ಮಾಡಿ, ವಾಸನೆ ಹೋಗುವವರೆಗೂ ತೊಳೆದು, ಬಾಲ್ಕನಿಯ ಮೂರು ಆರ್ಕಿಡ್ ಕೊಯ್ದೆ. ಈ ಸಲ ಯಾರೂ ನಿರ್ಮಾಲ್ಯ ಎನ್ನಬಾರದು ಎಂದು ಕೃಷ್ಣನಿಗೆ ಏರಿಸಿಯೇ ನೀರಿಗೆ ಹಾಕುವ ಎಂದರೆ ಕೃಷ್ಣ ಪೆಟ್ಟಿಗೆಯಲ್ಲಿ. ಹಗ್ಗ ಬಿಚ್ಚಿದೆ. ಬಿಚ್ಚಿದ ಮೇಲೆ ಮತ್ತೆ ಕಟ್ಟಲು ಕೈ ಬರಲಿಲ್ಲ. ದೇವರು ಬೇಕಿದ್ದರೆ ದೇವರಿರುವಲ್ಲಿಗೇ ಬನ್ನಿ. ಜಾಡಿ ಮೇಜಿನ ಮೇಲಿದೆ, ಒಂದು ಹೂವು ನಿಮ್ಮ ಕುರ್ಚಿಯ ಕಡೆಗಿದೆ. ನೀರು ಮಬ್ಬಾಗಲು ನಾಲ್ಕೈದು ದಿನ ಬೇಕು. ಸಚಿನ್ ಭಾನುವಾರ ಹೊರಡುತ್ತಾರೆ, ಎರಡು ಟಿಕೆಟ್ ಮಾಡಿಸಿದ್ದೇನೆ.

ಮತ್ತೊಂದು. ಮೊನ್ನೆ ಅಡುಗೆಮನೆಯಲ್ಲಿ ರಮ್ಯಶ್ರೀ ನಿಮ್ಮ ಮೇಲೆ ದೂರು ಹೇಳಿದಳು. “ಅತ್ತೆಗೆ ಎಷ್ಟು ಹೇಳಿದರೂ ಅಷ್ಟೇ ಅಕ್ಕ, ಪ್ರತಿ ಸಲ ಒಂದು ಹೂ ಆಚೆ ತಿರುಗಿಸಿ ಕಟ್ತಾರೆ. ಆಚೆ ಗೋಡೆ ಬಿಟ್ಟರೆ ಎಂತ ಉಂಟು? ಕಣ್ಣು ಮಂಜಾಗಿದೆ ಕಾಣ್ತದೆ. ವಿಡಿಯೊಗೆ ಮೊದಲು ನಾನೇ ಸರಿ ಮಾಡುದು” ಎಂದಳು. ಊಟ ಮುಗಿಸಿ ನೀವು ಜಾಡಿಯನ್ನು ಟಿ.ವಿ. ಸ್ಟ್ಯಾಂಡಿನ ಮೇಲಿಟ್ಟಿರಿ, ನಾನು ಅದರ ಹಿಂದೆ ಬಗ್ಗಿದೆ. ಪಿನ್ನು ಸರಿಯಾಗಿಯೇ ಕೂತಿತ್ತು. ಅಲ್ಲಿ ಗೋಡೆಗೆ ಮುಖ ಮಾಡಿ ಒಂದು ಆರ್ಕಿಡ್ ನಿಂತಿತ್ತು, ನನ್ನ ಗಂಟು, ನನ್ನ ಬಾಳೆನಾರು. ಆ ಕಡೆ ಕೂರುವವರು ಆ ಮನೆಯಲ್ಲಿ ಯಾರೂ ಇಲ್ಲ. ಅತ್ತೆ, ಅವಳಿಗೆ ಬೇಕಾದ್ದೆಲ್ಲ ಕಲಿಸಿ, ನಾನು ಬೇಡ ಎನ್ನುವುದಿಲ್ಲ. ಆ ಒಂದು ಹೂವು ಯಾರಿಗೆ ಎಂದು ಮಾತ್ರ ಹೇಳಬೇಡಿ. ಕಣ್ಣು ಮಂಜು ಎಂದುಕೊಂಡೇ ಅವಳು ಸರಿ ಮಾಡುತ್ತಿರಲಿ.